ಹನ್ನೊಂದು ರಿಂಗು

ಸಿನಿಮಾ ತೋರಿಸಲು ಬಿಳಿ ಬಟ್ಟೆ ಬೇಕು ಎಂದು ಯೆಹೂದಿ ಸಮಾಜದ ಅಧ್ಯಕ್ಷ ಹೆರ್ಷ್ಕು ಭಾನುವಾರ ಬೆಳಿಗ್ಗೆಯೇ ಬಂದು ಬಾಗಿಲಲ್ಲಿ ನಿಂತಾಗ ಟೌಬಾಳಿಗೆ ಇಲ್ಲ ಅನ್ನಲು ಬಾಯಿ ಬರಲಿಲ್ಲ. ಬಾಡಿಗೆಗೆ ತಂದ ಪರದೆಯ ಕಾಲು ದಾರಿಯಲ್ಲೇ ಮುರಿದಿತ್ತಂತೆ. ಪ್ರಾರ್ಥನಾ ಮಂದಿರ ಸಿನಗಾಗಿನ ಪಕ್ಕದ ಊಟದ ಹಾಲಿನಲ್ಲಿ ಕುರ್ಚಿ ಹಾಕಿ ಆಗಿದೆ, ಸಿನಿಮಾ ತೆಗೆದ ಆಂಕಾ ಯಂತ್ರ ಜೋಡಿಸುತ್ತಿದ್ದಾಳೆ, ಗೋಡೆಗೆ ಹಚ್ಚಿದ ಹಸಿರು ಬಣ್ಣದ ಮೇಲೆ ಬಿಟ್ಟರೆ ಎಲ್ಲರ ಮುಖವೂ ಕಾಮಾಲೆ ಬಂದವರ ಹಾಗೆ ಕಾಣುತ್ತದೆ ಎಂದು ಅವನು ಕೈ ಕೈ ಹೊಸೆದುಕೊಂಡ.

“ನಿನ್ನ ಬೀರುವಿನಲ್ಲಿ ಆ ಬಿಳಿ ಥಾನು ಇದೆಯಲ್ಲ, ಅದನ್ನೇ ಕೊಡು. ಒಂದು ಮಧ್ಯಾಹ್ನಕ್ಕೆ ತಾನೇ.”

“ಅದು ಹೆಣಕ್ಕೆ ಉಡಿಸೋ ಬಟ್ಟೆ, ಹೆರ್ಷ್ಕು.”

“ಗೊತ್ತು ಕಣಮ್ಮ. ಹೇಗಿದ್ರೂ ನಮಗೇ ತಾನೇ ಬರೋದು ಅದು? ಉಟ್ಕೊಳ್ಳೋ ಮುಂಚೆ ಅದರ ಮೇಲೊಂದು ಸಿನಿಮಾ ನೋಡಿಬಿಡೋಣ.”

ತನ್ನ ಜೋಕಿಗೆ ತಾನೇ ನಕ್ಕು ಕೆಮ್ಮಿದ. ಟೌಬಾ ಬೀಗದ ಕೈ ತಂದು ಬೀರು ತೆಗೆದಳು. ಮೂವತ್ತೊಂದು ವರ್ಷದಿಂದ ಈ ಊರಿನ ತಮ್ಮ ಜನರಲ್ಲಿ ಯಾವ ಹೆಂಗಸು ಸತ್ತರೂ ಅವಳ ಮೈ ತೊಳೆದು, ಜೇಬಿಲ್ಲದ, ಎಲ್ಲಿಯೂ ಗಂಟು ಹಾಕದ ಬಿಳಿ ಉಡುಪು ಉಡಿಸುವವಳು ಟೌಬಾ. ಜೊತೆಗೆ ಕ್ಲಾರಾ ಬರುತ್ತಾಳೆ, ಆದರೆ ಕ್ಲಾರಾಳಿಗೆ ಎಂಬತ್ತೈದು, ಎರಡೂ ಕಣ್ಣಿಗೆ ಪೊರೆ. ಆ ಉಡುಪುಗಳನ್ನು ಈ ಥಾನಿನಿಂದಲೇ ಕತ್ತರಿಸಿ ಟೌಬಾ ಕೈಯಲ್ಲಿ ಹೊಲಿಯುತ್ತಾಳೆ. ಕಳೆದ ನವೆಂಬರಿನಲ್ಲಿ ಗೆಳತಿ ಸಬಿನಾಳಿಗೆಂದು ಕತ್ತರಿಸಿದ ಅಂಚು ಓರೆಯಾಗಿತ್ತು, ಆವತ್ತು ಕತ್ತರಿ ನೆಟ್ಟಗೆ ಓಡಿರಲಿಲ್ಲ. ಆ ಓರೆ ಅಂಚು ಈಗ ಮೇಲಕ್ಕೇ ಬಂತು. ಅದನ್ನು ಒಳಗೆ ಮಡಚಿ, ಥಾನನ್ನು ಹೆರ್ಷ್ಕುವಿನ ತೋಳಿನ ಮೇಲೆ ಇಟ್ಟು, ನೆಲಕ್ಕೆ ತಾಗಿಸಬೇಡ ಎಂದಳು. ತಾಗಿಸುವುದಿಲ್ಲ ಎಂದು ಅವನು ಮೆಟ್ಟಿಲು ಇಳಿದ. ಸಿನಿಮಾದಲ್ಲಿ ಏನಿದೆ ಎಂಬುದು ಊರಿಗೆಲ್ಲ ಗೊತ್ತಿತ್ತು, ಟೌಬಾಳಿಗೂ ಗೊತ್ತಿತ್ತು: ಮುದುಕರು, ಸಿನಗಾಗಿನ ಚಾವಣಿಯ ಚಿತ್ರಗಳು, ಊಟದ ಹಾಲ್, ಸ್ಮಶಾನ. ಒಂದೇ ಒಂದು ವಿಷಯ ಗೊತ್ತಿರಲಿಲ್ಲ, ಅದನ್ನು ಏಳು ತಿಂಗಳಿಂದ ಯಾರನ್ನೂ ಕೇಳಲೂ ಆಗಿರಲಿಲ್ಲ. ಕೇಳಿದರೆ, ಯಾಕೆ ಕೇಳುತ್ತೀ ಅನ್ನುತ್ತಾರೆ.

ಆಂಕಾ ದಂತವೈದ್ಯ ಲೈಬೊವಿಚಿಯ ಮಗಳು. ಬುಕಾರೆಸ್ಟಿನಲ್ಲಿ ಓದಿ, ಯಾರ ಹಂಗೂ ಇಲ್ಲದೆ ತಾನೇ ಸಿನಿಮಾ ಮಾಡುತ್ತೇನೆಂದು ಊರಿಗೆ ವಾಪಸು ಬಂದು, ಎರಡು ವರ್ಷದಿಂದ ಕ್ಯಾಮೆರಾ ಹೊತ್ತುಕೊಂಡು ಇವರ ಬೆನ್ನು ಬಿದ್ದಿದ್ದಳು. ಹೆಣ ತೊಳೆಯುವುದನ್ನು ತೆಗೆಯುವ ಹಾಗಿಲ್ಲ ಎಂದು ಟೌಬಾ ಕಡ್ಡಿ ಮುರಿದಂತೆ ಹೇಳಿದ್ದಳು, ಆಂಕಾ ಒಪ್ಪಿಕೊಂಡಿದ್ದಳು. “ನೀವು ಮನೆಯಿಂದ ಸ್ಮಶಾನಕ್ಕೆ ನಡೆಯೋದು, ನಿಮ್ಮ ಉಸಿರು, ಗೇಟಿನ ಶಬ್ದ, ಅಷ್ಟೇ ಸಾಕು ದೊಡ್ಡಮ್ಮ,” ಎಂದು ಕೊರಳಪಟ್ಟಿಗೆ ಕಡಲೆಕಾಳಿನಷ್ಟು ದೊಡ್ಡ ಮೈಕು ಸಿಕ್ಕಿಸಿ, ಅದರ ಪೆಟ್ಟಿಗೆಯನ್ನು ಕೋಟಿನ ಜೇಬಿಗೆ ಹಾಕಿ, ತೊಳೆಯುವ ಮನೆಯ ಬಾಗಿಲ ಬಳಿ ಈ ಗುಂಡಿ ಒತ್ತಿ ಆರಿಸಿಬಿಡಿ ಎಂದು ತೋರಿಸಿಕೊಟ್ಟಿದ್ದಳು. ಆ ಬೆಳಿಗ್ಗೆ ತೊಳೆಯಬೇಕಾಗಿದ್ದವಳು ಸಬಿನಾ. ಟೌಬಾ ಗುಂಡಿಯನ್ನು ಒತ್ತಲಿಲ್ಲ. ಮರೆತಳೋ, ಕೈ ಮರಗಟ್ಟಿತ್ತೋ, ಅದು ಅವಳಿಗೇ ಈಗಲೂ ತಿಳಿಯದು. ಒಳಗೆ ಕೋಟು ಬಿಚ್ಚಲೂ ಇಲ್ಲ, ಅಷ್ಟು ಚಳಿ, ಅದರ ಮೇಲೆಯೇ ಏಪ್ರನ್ ಕಟ್ಟಿಕೊಂಡಿದ್ದಳು. ಹೊರಗೆ ಬಂದಾಗ ಆಂಕಾ ಪೆಟ್ಟಿಗೆ ತೆಗೆದು ನೋಡಿ, “ಅಯ್ಯೋ, ಇದರ ಕೆಂಪು ದೀಪ ಉರೀತಾನೇ ಇದೆಯಲ್ಲ ದೊಡ್ಡಮ್ಮ,” ಎಂದಳು. ಅಷ್ಟೇ. ಆಮೇಲೆ ಅವಳೂ ಆ ಮಾತು ಎತ್ತಲಿಲ್ಲ, ಇವಳೂ ಎತ್ತಲಿಲ್ಲ.

ಟೌಬಾ ಊಟದ ಹಾಲಿಗೆ ಹೋಗುವ ಹೊತ್ತಿಗೆ ನಲವತ್ತು ಜನ ಸೇರಿದ್ದರು. ಈ ಊರಿನಲ್ಲಿ ತಮ್ಮವರು ಇನ್ನು ಅಷ್ಟೇ ಇರುವುದು. ಪ್ಲಮ್ ಬ್ರಾಂಡಿಯ ಸಣ್ಣ ಲೋಟಗಳು, ಜೇನಿನ ಕೇಕಿನ ತುಂಡುಗಳು ಕೈಯಿಂದ ಕೈಗೆ ಹೋಗುತ್ತಿದ್ದವು, ಯಾರು ಎಷ್ಟು ನಿಮಿಷ ಕಾಣಿಸುತ್ತಾರೆಂದು ಗಂಡಸರಲ್ಲಿ ಪಂಥ ನಡೆದಿತ್ತು. ಮುಂದಿನ ತಿಂಗಳು ಬುಕಾರೆಸ್ಟಿನ ಉತ್ಸವದಲ್ಲಿ ತೋರಿಸುವ ಮುಂಚೆ ನಿಮಗೇ ಮೊದಲು ತೋರಿಸುತ್ತೇನೆ, ಯಾರಿಗೆ ಯಾವುದು ಬೇಡವೋ ಹೇಳಿ, ತೆಗೆಯುತ್ತೇನೆ ಎಂದು ಆಂಕಾ ಮಾತು ಕೊಟ್ಟಿದ್ದಳು. ಗೋಡೆಯ ಮೇಲೆ ಥಾನನ್ನು ಎರಡು ಪಟ್ಟಿಯಾಗಿ ಬಿಟ್ಟು ನಡುವೆ ಪಿನ್ನು ಹಾಕಿದ್ದರು. ಓರೆ ಅಂಚು ಬಲಗಡೆ ಕೆಳಗೆ ನೇತಾಡುತ್ತಿತ್ತು, ಹೆರ್ಷ್ಕು ಅದನ್ನು ಗಮನಿಸಿರಲೇ ಇಲ್ಲ. ಮೂರನೆಯ ಸಾಲಿನಲ್ಲಿ ಎತಿ ತನ್ನ ಪಕ್ಕದ ಕುರ್ಚಿಯ ಮೇಲೆ ಕೈಚೀಲ ಇಟ್ಟು ಟೌಬಾಳಿಗೆ ಜಾಗ ಹಿಡಿದಿದ್ದಳು.

ಎತಿ ಸಬಿನಾಳ ತಂಗಿ. ಯಾಶ್ ಪಟ್ಟಣದಲ್ಲಿ ಮಗಳ ಮನೆಯಲ್ಲಿದ್ದವಳು ಅಕ್ಕನ ಮಣ್ಣಿಗೆಂದು ಬಂದು, ಅಕ್ಕನ ಫ್ಲಾಟಿನಲ್ಲೇ ಉಳಿದುಕೊಂಡುಬಿಟ್ಟಿದ್ದಳು. ಅಂದಿನಿಂದ ಪ್ರತಿ ಶುಕ್ರವಾರ ಸಂಜೆ ಟೌಬಾಳ ಮನೆಯಲ್ಲೇ ಅವಳ ಊಟ. ಟೌಬಾ ಆ ಹೊತ್ತಿಗೆ ಶುರುವಾಗುವ ವಿರಾಮದ ದಿನ ಸಬ್ಬತ್ತಿನ ಎರಡು ಮೇಣದ ಬತ್ತಿ ಹಚ್ಚುತ್ತಾಳೆ, ಇಬ್ಬರೂ ಸಾರು ಕುಡಿಯುತ್ತಾರೆ, ಎತಿ ತಪ್ಪದೆ ಒಂದು ಮಾತು ಹೇಳುತ್ತಾಳೆ: “ನಮ್ಮಕ್ಕ ಪುಣ್ಯವಂತೆ ಕಣೇ. ಒಂದೇ ಏಟಿಗೆ ಹೋದಳು. ಒದ್ದಾಡಲಿಲ್ಲ, ಯಾರನ್ನೂ ಕರೀಲಿಲ್ಲ.” ಮೊದಮೊದಲು ಅದನ್ನು ಅಳುತ್ತಾ ಹೇಳುತ್ತಿದ್ದಳು. ಚಳಿಗಾಲ ಕಳೆಯುವ ಹೊತ್ತಿಗೆ ಅಳು ನಿಂತಿತು, ಚಮಚ ಕೆಳಗಿಟ್ಟು ಟೌಬಾಳ ಮುಖ ನೋಡುತ್ತಾ ಹೇಳತೊಡಗಿದಳು. ಟೌಬಾ ಪ್ರತಿ ಸಲವೂ “ಹೌದಮ್ಮ” ಎನ್ನುತ್ತಿದ್ದಳು. ಇವತ್ತು ಈ ಬಟ್ಟೆಯ ಮೇಲಿಂದ ತನ್ನದೇ ದನಿ ಬಂದು ಅದಲ್ಲ ಎಂದುಬಿಟ್ಟರೆ, ಎತಿಗೆ ಉಳಿದಿರುವ ಆ ಒಂದು ಸಮಾಧಾನವೂ ಹೋಗುತ್ತದೆ, ತನಗೆ ಉಳಿದಿರುವ ಈ ಒಬ್ಬ ಗೆಳತಿಯೂ ಹೋಗುತ್ತಾಳೆ. ಟೌಬಾ ಕೂತಳು. ಕುರ್ಚಿ ಗಟ್ಟಿಯಾಗಿತ್ತು.

“ಕೈಯ್ಯೇನೇ ಹೀಗೆ ತಣ್ಣಗಿದೆ? ಜೂನ್ ತಿಂಗಳು ಇದು,” ಎಂದಳು ಎತಿ.

“ಬೀರು ಒರೆಸಿ ಬಂದೆ. ನೀರು ತಣ್ಣಗಿತ್ತು.”

ದೀಪ ಆರಿತು. ಬಟ್ಟೆಯ ಮೇಲೆ ಊರು ಮೂಡಿತು, ಬೀದಿಯ ಲಿಂಡನ್ ಮರಗಳು, ಬಸ್ ನಿಲ್ದಾಣ, ಹೆರ್ಷ್ಕುವಿನ ಬೆನ್ನು. ಎಲ್ಲರೂ ಹೋ ಎಂದು ಕೂಗಿದರು. ನಡುವಿನ ಪಿನ್ನುಗಳ ಸಾಲು ಪ್ರತಿಯೊಬ್ಬರ ಮುಖವನ್ನೂ ಎರಡು ಭಾಗ ಮಾಡುತ್ತಿತ್ತು, ಅದಕ್ಕೂ ನಗು. ಆಮೇಲೆ ಇದೇ ಹಾಲ್ ಬಂತು, ಇದೇ ಮೇಜುಗಳು, ತಟ್ಟೆಗಳ ಸದ್ದು, ಮತ್ತು ಅಲ್ಲಿ, ಮೇಜಿನ ತುದಿಯಲ್ಲಿ, ಜೀವಂತವಾಗಿ ಸಬಿನಾ. ನೇರಳೆ ಬಣ್ಣದ ಕೂದಲು, ದೊಡ್ಡ ಬಾಯಿ. ಎತಿಯ ಉಸಿರು ಒಂದು ಕ್ಷಣ ನಿಂತದ್ದು ಟೌಬಾಳಿಗೆ ಕೇಳಿಸಿತು. ಯಾವ ದಿನದ್ದು ಇದು ಎಂದು ನೋಡುವಷ್ಟರಲ್ಲಿ ಟೌಬಾಳಿಗೆ ತನ್ನ ಕೈಯೇ ಕಾಣಿಸಿತು, ತಟ್ಟೆಗೆ ಮೀನು ಬಡಿಸುತ್ತಿರುವ ಕೈ, ಹಾಗಾದರೆ ಅದೇ ದಿನ. ಸಬಿನಾ ಬಟ್ಟೆಯ ಮೇಲಿಂದ ತಲೆಯೆತ್ತಿ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು, “ಹೆಣ ತೊಳೆಯೋ ಕೈಯಿಂದ ಮೀನು ತಿನ್ನಬೇಕಲ್ಲಪ್ಪ ನಾವು! ಅದಕ್ಕೇ ಇಷ್ಟೊಂದು ಸಕ್ಕರೆ ಹಾಕಿದಾಳೆ, ವಾಸನೆ ಮುಚ್ಚೋಕೆ.” ಅಂದು ಹಾಲಿನಲ್ಲಿದ್ದವರೆಲ್ಲ ನಕ್ಕಿದ್ದರು. ಇಂದು ಹಾಲಿನಲ್ಲಿದ್ದವರೂ ನಕ್ಕರು. ಟೌಬಾ ಆವತ್ತು ತಾನೂ ನಕ್ಕಿದ್ದೆ ಎಂದುಕೊಂಡಿದ್ದಳು, ಬಟ್ಟೆಯ ಮೇಲೆ ನೋಡಿದರೆ ನಕ್ಕಿರಲಿಲ್ಲ. ಬಡಿಸುವ ಚಮಚ ಹಿಡಿದು, ಬಾಯಿ ಸ್ವಲ್ಪ ತೆರೆದು, ಬೈಸಿಕೊಂಡ ಮಗುವಿನ ಹಾಗೆ ನಿಂತಿದ್ದಳು. ಇದನ್ನೂ ನಲವತ್ತು ಜನ ನೋಡುತ್ತಿದ್ದಾರೆ, ಬುಕಾರೆಸ್ಟಿನಲ್ಲಿ ಇನ್ನೂ ಎಷ್ಟೋ ಜನ ನೋಡುತ್ತಾರೆ. ಆ ಮೀನಿಗೆ ಅವಳು ಬೆಳಿಗ್ಗೆ ನಾಲ್ಕಕ್ಕೇ ಎದ್ದಿದ್ದಳು.

ಅದು ನವೆಂಬರಿನ ಒಂದು ಬುಧವಾರ. ಶುಕ್ರವಾರ ಸಂಜೆ ಬತ್ತಿ ಹಚ್ಚಿ, ಮಂತ್ರ ಹೇಳಲು ಕಣ್ಣ ಮೇಲಿಟ್ಟುಕೊಂಡಿದ್ದ ಕೈ ತೆಗೆಯುವುದಕ್ಕೂ ಫೋನು ಹೊಡೆದುಕೊಳ್ಳುವುದಕ್ಕೂ ಸರಿಹೋಯಿತು. ಆ ಹೊತ್ತಿಗೆ ಫೋನು ಮಾಡುವವಳು ಒಬ್ಬಳೇ, ಸಬಿನಾ. ಪ್ರತಿ ಶುಕ್ರವಾರವೂ ಮಾಡುತ್ತಿದ್ದಳು, ಸಾರಿಗೆ ಏನು ಹಾಕಿದೆ, ಮೊಣಕಾಲು ಹೇಗಿದೆ, ಹೆರ್ಷ್ಕು ಏನಂದ. ಟೌಬಾ ಪ್ರತಿ ಶುಕ್ರವಾರವೂ ಎತ್ತುತ್ತಿದ್ದಳು. ಸಬ್ಬತ್ತು ಬಂದ ಮೇಲೆ ಫೋನು ಮುಟ್ಟಬಾರದೆಂಬ ಕಟ್ಟಳೆಯನ್ನು ಅವಳ ಅಜ್ಜಿ ಪಾಲಿಸಿರಬಹುದು, ಅವಳು ಪಾಲಿಸಿದವಳೇ ಅಲ್ಲ. ಆದರೆ ಆ ಸಂಜೆ ಮೇಣದ ಬತ್ತಿಗಳ ಮುಂದೆ ನಿಂತು, ಸಬ್ಬತ್ತು ಬಂದಾಯಿತು, ನಾನು ಎತ್ತುವುದಿಲ್ಲ ಎಂದುಕೊಂಡಳು. ಎಂಥ ಭಕ್ತಿ! ಹೊಡೆದುಕೊಳ್ಳಲಿ, ಗೊತ್ತಾಗಲಿ ಅವಳಿಗೆ. ಮನಸ್ಸಿಗೆ ಒಂದು ಥರ ಸುಖವಾಯಿತು, ಅದೇ ಅವಳು ಇಂದಿಗೂ ಕ್ಷಮಿಸಿಕೊಳ್ಳಲಾಗದ್ದು. ಎಣಿಸುತ್ತಾ ನಿಂತಳು. ಹನ್ನೊಂದು ಸಲ ಹೊಡೆದುಕೊಂಡು ನಿಂತಿತು. ಜೀವ ಉಳಿಸುವುದಕ್ಕೆ ಸಬ್ಬತ್ತನ್ನು ಮುರಿಯಬಹುದು, ಮುರಿಯಲೇಬೇಕು ಎಂಬುದು ಸಣ್ಣ ಮಕ್ಕಳಿಗೂ ಗೊತ್ತು. ಅಜ್ಜಿಯೂ ಓಡಿಹೋಗಿ ಎತ್ತುತ್ತಿದ್ದಳು.

ಮರುದಿನ ಸಂಜೆ ಮೂರು ನಕ್ಷತ್ರ ಕಾಣಿಸಿ ಸಬ್ಬತ್ತು ಮುಗಿಯುವವರೆಗೆ ಅದೇ ಹಟ ಹಿಡಿದು ಕೂತಳು. ಆಮೇಲೆ ಮನಸ್ಸು ತಡೆಯದೆ, ತನ್ನಲ್ಲಿದ್ದ ಬೀಗದ ಕೈ ಹಿಡಿದು ಎರಡು ಬೀದಿಯಾಚೆಯ ಫ್ಲಾಟಿಗೆ ಹೋಗಿ ಬಾಗಿಲು ತೆಗೆದಳು. ಅಡುಗೆಮನೆಯ ದೀಪ ಉರಿಯುತ್ತಿತ್ತು. ಸಬಿನಾ ನಡುಕೋಣೆಯಲ್ಲಿ, ಫೋನಿನ ಸಣ್ಣ ಮೇಜಿನ ಕಾಲ ಬಳಿ ಬಿದ್ದಿದ್ದಳು. ರಿಸೀವರು ವೈರಿನಲ್ಲಿ ನೇತಾಡುತ್ತಿತ್ತು. ಟೌಬಾ ಮೊದಲು ಮಾಡಿದ ಕೆಲಸ ಅದನ್ನು ಎತ್ತಿ ಜಾಗಕ್ಕೆ ಇಟ್ಟದ್ದು. ಆಮೇಲೆ ಅದನ್ನೇ ಮತ್ತೆ ಎತ್ತಿ ಆಂಬುಲೆನ್ಸಿಗೆ ಫೋನು ಮಾಡಿದಳು. ಮಲಗಿದ ಹಾಗೆ ಇದ್ದಳು, ನಡೆಯುತ್ತಿದ್ದಾಗಲೇ ಹೋಗಿರಬೇಕು ಎಂದು ಎಲ್ಲರಿಗೂ ಹೇಳಿದಳು, ಎತಿಗೂ ಹೇಳಿದಳು. ಆಂಬುಲೆನ್ಸಿನವರಿಗೆ ಮಾಡಬಹುದಿತ್ತಲ್ಲ ಈ ಮಹಾರಾಯಿತಿ, ನನಗೇ ಯಾಕೆ ಮಾಡಿದಳು ಎಂದು ಟೌಬಾಳಿಗೆ ಈಗಲೂ ಒಮ್ಮೊಮ್ಮೆ ಸಿಟ್ಟು ಉಕ್ಕುತ್ತದೆ. ಉತ್ತರ ಆ ಮೇಜಿನ ಮೇಲೆಯೇ ಇತ್ತು. ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದಿಟ್ಟಿದ್ದ ನಂಬರುಗಳಲ್ಲಿ ಮೊದಲನೆಯದು ಟೌಬಾಳದು.

ಸೋಮವಾರ ತೊಳೆಯುವಾಗ ಉಳಿದದ್ದನ್ನು ಮೈಯೇ ಹೇಳಿತು. ಎರಡೂ ಮೊಣಕಾಲು ತರಚಿತ್ತು, ಮೊಣಕೈ ತರಚಿತ್ತು, ಉಗುರಿನ ಸಂದಿಯಲ್ಲಿ ಮೆಕ್ಕೆಜೋಳದ ಹಿಟ್ಟು. ಅಡುಗೆಮನೆಯಿಂದ ಫೋನಿನವರೆಗೆ ಎಂಟು ಹೆಜ್ಜೆ. ಅಷ್ಟನ್ನೂ ತೆವಳಿ ಬಂದಿದ್ದಳು. ಕ್ಲಾರಾಳ ಕಣ್ಣಿಗೆ ಅದೇನೂ ಕಾಣಲಿಲ್ಲ. ಟೌಬಾ ಕಡ್ಡಿಯಿಂದ ಒಂದೊಂದೇ ಉಗುರಿನ ಸಂದಿ ಶುಚಿ ಮಾಡಿದಳು, ಹಾಗೆ ಮಾಡುವುದು ಕ್ರಮವೇ. ಸಾಕ್ಷಿಯನ್ನು ಅಳಿಸುವುದೂ ಶಾಸ್ತ್ರದ ಪ್ರಕಾರವೇ ಆಯಿತು. ಎಲ್ಲ ಮುಗಿದ ಮೇಲೆ ತೊಳೆದವರು ಹೆಣದ ಕಾಲ ಬಳಿ ನಿಂತು, ಸತ್ತವರ ಹೆಸರು ಹಿಡಿದು, ನಮ್ಮಿಂದ ತಪ್ಪಾಗಿದ್ದರೆ ಕ್ಷಮಿಸು ಎಂದು ಕೇಳಬೇಕು. ಇಬ್ಬರೂ ಕೇಳಿದರು. ಕ್ಲಾರಾ ಬಕೆಟ್ಟು ಹಿಡಿದು ನೀರು ಚೆಲ್ಲಲು ಹಿಂಬಾಗಿಲಿಗೆ ಹೋದಳು. ಆಗ ಟೌಬಾ ಬಾಗಿ, ಬಿಳಿ ಬಟ್ಟೆಯೊಳಗಿನ ಕಿವಿಗೆ ಎಲ್ಲವನ್ನೂ ಹೇಳಿದಳು. ಮೀನು, ಬತ್ತಿ, ಹನ್ನೊಂದು ರಿಂಗು, ನೇತಾಡುತ್ತಿದ್ದ ರಿಸೀವರು. ಕೊರಳಪಟ್ಟಿಯ ಮೈಕು ಆಗ ಸಬಿನಾಳ ಮುಖಕ್ಕೆ ಗೇಣು ದೂರದಲ್ಲಿತ್ತು.

ಬಟ್ಟೆಯ ಮೇಲೆ ಸ್ಮಶಾನದ ಗೇಟು ಬಂತು. ಕೆಸರು. ಗೇಟು ಕಿರುಗುಟ್ಟಿತು. ಟೌಬಾಳ ಬೆನ್ನು ದೂರ ದೂರ ಹೋಗಿ ತೊಳೆಯುವ ಮನೆಯೊಳಗೆ ಸೇರಿ ಬಾಗಿಲು ಮುಚ್ಚಿತು. ನೀಲಿ ಬಣ್ಣದ ಆ ಬಾಗಿಲು ಮಾತ್ರ ಉಳಿಯಿತು. ನೀರಿನ ಸದ್ದು. ಬಕೆಟ್ಟಿನ ಹಿಡಿ ಕುಣಿದ ಸದ್ದು. ಎದ್ದು ಹೋಗಬಹುದು, ಹೊಟ್ಟೆ ಸರಿಯಿಲ್ಲ ಅನ್ನಬಹುದು, ಯಂತ್ರದ ವೈರು ಕಾಲಿಗೆ ಸಿಕ್ಕಿದಂತೆ ಮಾಡಿ ಎಳೆದುಬಿಡಬಹುದು. ಟೌಬಾ ವೈರು ಎಲ್ಲಿದೆ ಎಂದು ಕತ್ತಲಲ್ಲಿ ಹುಡುಕಿದಳು ಕೂಡ, ಅದು ಇನ್ನೊಂದು ಬದಿಯ ಗೋಡೆಯಲ್ಲಿತ್ತು. ಅಷ್ಟರಲ್ಲಿ ಅವಳದೇ ದನಿ ಬಂತು, ಮುದಿ ದನಿ, ತನ್ನದು ಇಷ್ಟು ಒಡಕೆಂದು ಗೊತ್ತೇ ಇರಲಿಲ್ಲ: “ಸಬಿನಾ, ಮೆಂಡೆಲನ ಮಗಳೇ, ನಿನ್ನ ಮರ್ಯಾದೆಗೆ ನಮ್ಮಿಂದ ಕುಂದಾಗಿದ್ದರೆ ಕ್ಷಮಿಸು.” ಕ್ಲಾರಾಳ ದನಿ ಅದನ್ನೇ ಹೇಳಿತು. ಕ್ಲಾರಾಳ ಹೆಜ್ಜೆ ದೂರವಾಯಿತು. ಟೌಬಾಳ ಕೈ ಕುರ್ಚಿಯ ಅಂಚು ಹಿಡಿದುಕೊಂಡಿತು.

ಆಮೇಲೆ ಏನೂ ಬರಲಿಲ್ಲ. ಬಾಗಿಲು ಹಾಗೇ ಇತ್ತು. ನೀರಿನ ಸದ್ದಿಲ್ಲ, ಗಾಳಿಯ ಸದ್ದಿಲ್ಲ, ಸಿನಿಮಾದ ಕಿವಿಯನ್ನೇ ಯಾರೋ ಮುಚ್ಚಿದ ಹಾಗೆ. ಕಿಟಕಿಯಿಂದ ಬಂದ ಗಾಳಿಗೆ ಬಟ್ಟೆ ಅಲುಗಿ ಬಾಗಿಲೂ ಅಲುಗಿತು. ಬಹಳ ಹೊತ್ತು ಹಾಗೇ ಇತ್ತು. ತಾನು ಅಲ್ಲಿ ಎಷ್ಟು ಹೊತ್ತು ಮಾತಾಡಿದ್ದಳೋ ಅಷ್ಟು ಹೊತ್ತು ಎಂದು ಟೌಬಾಳಿಗೆ ನಿಧಾನವಾಗಿ ಅರ್ಥವಾಯಿತು. ತೆಗೆದಿದ್ದಾಳೆ. ದೇವರು ದೊಡ್ಡವನು, ಹುಡುಗಿ ತೆಗೆದುಬಿಟ್ಟಿದ್ದಾಳೆ. ಅವಳು ಕುರ್ಚಿಗೆ ಒರಗಿದಳು.

“ನಾನೇ ತೆಗೆಸಿದ್ದು,” ಎಂದಳು ಎತಿ. ಮುಖ ಬಟ್ಟೆಯ ಕಡೆಗೇ ಇತ್ತು. ದನಿ ಸಾರಿಗೆ ಉಪ್ಪು ಸಾಕಾ ಎಂದು ಕೇಳುವಾಗಿನ ದನಿಯೇ.

ಟೌಬಾ ಅವಳ ಕಡೆ ತಿರುಗಿದಳು.

“ಫೆಬ್ರವರಿಯಲ್ಲಿ ಆಂಕಾ ಮನೆಗೆ ಬಂದು ನಿನ್ನ ಮಾತು ಕೇಳಿಸಿದಳು. ಎರಡು ಸಲ ಕೇಳಿದೆ. ಇದು ಊರಿಗೆ ಬೇಡ ಕಣಮ್ಮ, ಟೌಬಾನೇ ನನಗೆ ಹೇಳ್ತಾಳೆ ಅಂದೆ.”

“ಎತಿ…”

“ಸುಮ್ನಿರು, ಸಿನಿಮಾ ನಡೀತಿದೆ. ಒಂದೇ ಏಟಿಗೆ ಹೋದಳು, ಯಾರನ್ನೂ ಕರೀಲಿಲ್ಲ ಅಂತ ವಾರ ವಾರ ನಿನ್ನ ಮುಖಕ್ಕೇ ಹಿಡಿದೆನಲ್ಲೇ. ಅಲ್ಲ ಅಂತ ಒಂದು ಸಲ ಅಂತೀಯೇನೋ ಅಂತ. ನೀನು ಹೌದಮ್ಮ ಅಂದು ಇನ್ನೊಂದು ಸೌಟು ಸಾರು ಹಾಕ್ತಿದ್ದೆ.”

ಬಾಗಿಲು ಹೋಗಿ ಸಿನಗಾಗಿನ ಚಾವಣಿಯ ಸಿಂಹಗಳು ಬಂದವು, ಅದರ ಜೊತೆಗೇ ಸದ್ದೂ ವಾಪಸು ಬಂತು. ಮುಂದಿನದೇನೂ ಟೌಬಾಳಿಗೆ ಕಾಣಲಿಲ್ಲ. ದೀಪ ಹತ್ತಿದಾಗ ಜನ ಕಣ್ಣು ಒರೆಸಿಕೊಂಡು ಚಪ್ಪಾಳೆ ತಟ್ಟುತ್ತಿದ್ದರು, ಹೆರ್ಷ್ಕು ಮುಂದೆ ನಿಂತಿದ್ದ. “ಯಾರಿಗಾದರೂ ಯಾವುದಾದರೂ ಬೇಡ ಅನ್ನಿಸಿದರೆ ಈಗ್ಲೇ ಹೇಳಿಬಿಡ್ರಪ್ಪ. ನನ್ನ ಬೊಕ್ಕತಲೆ ಬಿಟ್ಟು.” ನಗು. ಟೌಬಾಳ ಕೈ ತಾನಾಗಿ ಮೇಲೆದ್ದಿತ್ತು. ಏನು ಹೇಳಲಿಕ್ಕೆ ಎಂದು ಅವಳಿಗೇ ತಿಳಿಯದು. ಆ ಮೌನ ಬೇಡ, ನಾನಂದದ್ದನ್ನು ವಾಪಸು ಹಾಕು, ಎಲ್ಲರೂ ಕೇಳಲಿ, ಉಗಿಯಲಿ ಎಂದೋ. ಎತಿ ಅವಳ ಮಣಿಕಟ್ಟು ಹಿಡಿದು ಕೆಳಗೆ ಇಳಿಸಿದಳು. ಎತಿಯ ಕೈ ಬೆಚ್ಚಗಿತ್ತು.

“ಏನು ಟೌಬಾ? ಮೀನಿನ ಜೋಕು ತೆಗೀಬೇಕಾ?” ಎಂದ ಹೆರ್ಷ್ಕು.

“ಇರಲಿ ಬಿಡಿ,” ಎಂದಳು ಎತಿ. “ಅವಳಿಗೆ ಜೇನಿನ ಕೇಕು ಬೇಕಂತೆ.”

ಮತ್ತೆ ನಗು. ಬಾಗಿಲ ಬಳಿ ಆಂಕಾ ಟೌಬಾಳನ್ನು ಕಂಡು ಕಣ್ಣು ಕೆಳಗೆ ಹಾಕಿ ವೈರು ಸುತ್ತತೊಡಗಿದಳು. ಥಾನು ಬಿಚ್ಚಿಕೊಟ್ಟರು. ಪಿನ್ನು ಚುಚ್ಚಿದ ತೂತುಗಳು ಉದ್ದಕ್ಕೂ ಸಾಲಾಗಿದ್ದವು, ಇನ್ನು ಅದನ್ನು ಯಾರಿಗೆ ಹೊಲಿದರೂ ಆ ತೂತು ಬಿಟ್ಟು ಹೊಲಿಯಬೇಕು. ಅದನ್ನು ಎದೆಗೆ ಅವಚಿಕೊಂಡು ಮೆಟ್ಟಿಲಿಳಿಯುವಾಗ ಹಿಂದಿನಿಂದ ಎತಿ ಹೇಳಿದಳು, “ಈ ಶುಕ್ರವಾರ ನಾನು ಊಟಕ್ಕೆ ಬರಲ್ಲ.”

ಆ ವಾರವಿಡೀ ಟೌಬಾ ಎತಿಯ ಬೀದಿಗೆ ಹೋಗಿ ಹೋಗಿ ತಿರುಗಿ ಬಂದಳು. ಸೋಮವಾರ ಮೂಲೆಯ ಔಷಧಿ ಅಂಗಡಿಯವರೆಗೆ, ಮಂಗಳವಾರ ಕಟ್ಟಡದ ಬಾಗಿಲವರೆಗೆ. ಗುರುವಾರ ಮೂರನೆಯ ಮಹಡಿಯನ್ನೂ ಹತ್ತಿ, ಗಂಟೆಯ ಗುಂಡಿಯ ಮೇಲೆ ಬೆರಳಿಟ್ಟು, ಒಳಗೆ ಚಪ್ಪಲಿಯ ಸದ್ದು ಕೇಳಿ, ಒತ್ತದೆ ಇಳಿದಳು. ಸತ್ತವಳ ಕಿವಿಗೆ ಅಷ್ಟು ಸಲೀಸಾಗಿ ಬಂದ ಮಾತು ಬದುಕಿರುವವಳ ಬಾಗಿಲಲ್ಲಿ ಒಂದಕ್ಷರವೂ ಬರಲಿಲ್ಲ. ಎಷ್ಟು ಸುಲಭದ ಕ್ಷಮೆ ಕೇಳಿಕೊಂಡು ಬದುಕಿದ್ದೆ ಎಂದು ನಾಚಿಕೆಯಾಯಿತು. ಶುಕ್ರವಾರ ಸಾರು ಮಾಡಿದಳು, ಬರುವುದಿಲ್ಲ ಎಂದು ಗೊತ್ತಿದ್ದೂ ಎರಡು ತಟ್ಟೆ ಇಟ್ಟಳು. ಬಿಸಿಲು ಇನ್ನೂ ಕಿಟಕಿಯಲ್ಲಿತ್ತು. ಬತ್ತಿ ಹಚ್ಚಿ, ಕಣ್ಣ ಮೇಲೆ ಕೈ ಮುಚ್ಚಿ, ಮಂತ್ರ ಹೇಳಿ, ಕೈ ತೆಗೆಯಲು ಹೆದರಿ ಹಾಗೇ ನಿಂತಳು.

ಫೋನು ಹೊಡೆದುಕೊಂಡಿತು.

ಟೌಬಾ ಓಡಿದಳು. ಕುರ್ಚಿ ಬಿತ್ತು, ತೊಡೆ ಮೇಜಿಗೆ ಬಡಿಯಿತು, ಎರಡನೆಯ ರಿಂಗು ಮುಗಿಯುವ ಮುಂಚೆ ಎತ್ತಿಕೊಂಡಿದ್ದಳು. ಆ ಕಡೆ ಯಾರೂ ಮಾತಾಡಲಿಲ್ಲ. ಸಬಿನಾಳ ಗೋಡೆ ಗಡಿಯಾರದ ಸದ್ದು ಕೇಳುತ್ತಿತ್ತು, ಅದರ ಹತ್ತಿರವೇ ಒಂದು ಉಸಿರು.

“ಎತಿ? ಎತಿ, ಏನಾಯ್ತೇ? ಬಿದ್ದೆಯಾ? ಬರ್ತೀನಿ, ಈಗ್ಲೇ ಬಂದೆ.”

“ಬರಬೇಡ,” ಎಂದಳು ಎತಿ. “ಬಿದ್ದಿಲ್ಲ. ಕೆಳಗೆ ಕೂತಿದೀನಿ, ಮೇಜಿನ ಕಾಲ ಹತ್ರ. ಅವಳು ಕಾದ ಜಾಗ ಇದು. ಇಲ್ಲಿಂದಲೇ ಕೇಳ್ತೀನಿ, ಹೇಳು.”

ಟೌಬಾ ವೈರನ್ನು ಎಳೆದುಕೊಂಡು, ಗೋಡೆಗೆ ಬೆನ್ನು ಕೊಟ್ಟು, ನೋಯುವ ಮೊಣಕಾಲು ಮಡಚಿ ತಾನೂ ನೆಲಕ್ಕೆ ಕೂತಳು. ಅಲ್ಲಿಂದ ಮೇಣದ ಬತ್ತಿಗಳು ಕಾಣುತ್ತಿರಲಿಲ್ಲ.

“ಬುಧವಾರ ನಾನು ಮೀನು ಮಾಡಿದ್ದೆ,” ಎಂದಳು.